ಒಂಬತ್ತು ದಿನದ ಗೀಟು

ಏನು? ಬಚ್ಚಲ ಗೋಡೆ ಮೇಲಿನ ಮಸಿಗೀಟಾ? ಅದು… ಅದು ಮೊಟ್ಟೆ ಲೆಕ್ಕ ಕಣೇ ಭಾರ್ಗವಿ. ಕೋಳಿ ದಿನಕ್ಕೆ ಎಷ್ಟು ಇಕ್ತು ಅಂತ ಇದ್ದಿಲಾಗೆ ಗೀಚಿಟ್ಟಿದ್ದೀನಿ. ಯಾಕೆ ನಗ್ತೀಯ? ಓ… ಕೋಳಿ ಕಾವಿಗೆ ಕೂತು ಅದ್ನೈದು ದಿನ ಆಯ್ತಾ! ನಿಮ್ಮಮ್ಮಂಗೆ ವಯಸ್ಸಾಯ್ತು, ಬಿಡು ಅತ್ಲಾಗೆ. ನೀನ್ಯಾಕೆ ಎದ್ದು ಓಡಾಡ್ತೀಯ? ಒಂಬತ್ತು ದಿನದ ಅಸಿ ಬಾಣಂತಿ, ಅದೂ ಒಟ್ಟೆ ಕುಯ್ಸ್ಕೊಂಡಿರೋಳು! ಕಿವಿಗೆ ಬಟ್ಟೆ ಕಟ್ಟು ಮೊದ್ಲು.

ಇಲ್ನೋಡು, ಪಾಪನ ಒಕ್ಕಳಬಳ್ಳಿ ಬೆಳಿಗ್ಗೆ ಒಣಗಿ ಬಿತ್ತಲ್ಲ, ಅರಿಶಿನದ ಬಟ್ಟೇಲಿ ಸುತ್ತಿ ಮಡಗಿದ್ದೀನಿ. ಬಂಗಾರಪೇಟೆಗೆ ಓಗಿ ಬೆಳ್ಳಿ ತಾಯಿತ ತತ್ತೀನಿ. ಅದ್ರೊಳಗೆ ಇದನ್ನ ತುಂಬಿ ಉಡ್ದಾರಕ್ಕೆ ಕಟ್ಟೋಣ. ನಿಂಗೂ ಇಂಗೇ ಕಟ್ಟಿದ್ದೆ, ನೀನೇನ್ ಕಮ್ಮಿ ಗಟ್ಟಿಯಾಗಿದ್ದೀಯಾ? ಕೊಡು ಅಂದ್ರೆ? ನಿಂಗ್ಯಾಕದು? ಏನ್ ನೋಡ್ತೀಯ ಅದ್ರಾಗೆ? ಒಣಗಿದ್ಮೇಲೆ ತೂತು ಕಾಣಲ್ಲ ಕಣೇ…

ತೂತಾ? ನಾನು ತೂತು ಅಂದ್ನಾ? ಇಲ್ವಲ್ಲ! ನಿಂಗೆ ನಿದ್ದೆ ಸಾಲ್ದು, ಅದಕ್ಕೇ ಏನೇನೋ ಕೇಳಿಸ್ತದೆ. ಓಗಿ ಮಲಕ್ಕೋ. ಓಗು ಅಂದ್ರೆ… ಯಾಕಮ್ಮಾ ಅಂಗೆ ನಿಂತೆ? ಗೋಡೆ ಯಾಕೆ ನೋಡ್ತೀಯ… ಎಣಿಸ್ತಾ ಇದ್ದೀಯಾ? ಬೇಡ ಕಣೇ. ಬೈಯೋದಾದ್ರೆ ಬೈಯಿ. ಇಂಗೆ ಒಂದೊಂದು ಗೀಟಿನ ಮೇಲೂ ಬೆರಳಿಡಬೇಡ.

ಆಯ್ತು. ಮೊಟ್ಟೆ ಅಲ್ಲ. ಪಾಪ ಉಚ್ಚೆ ಒಯ್ದಿದ್ದು. ಬಟ್ಟೆ ಒದ್ದೆ ಆದಾಗೆಲ್ಲಾ ಒಂದು ಗೀಟು. ಮೊನ್ನೆ ಎಂಟು, ನೆನ್ನೆ ಏಳು… ಇವತ್ತು ಬಿಸ್ಲು ನೆತ್ತಿಗೆ ಬಂದ್ರೂ ಎರಡೇ!

ಆಸ್ಪತ್ರೆಯಾಗೆ ನಿಂಗಿನ್ನೂ ಮಂಪರು. ಅಳಿಯಂದ್ರು ಮಾತ್ರೆ ತರೋಕೆ ರಾಬರ್ಟ್‌ಸನ್‌ಪೇಟೆ ಬೀದಿಗೆ ಓಗಿದ್ರು. ಆ ನರ್ಸಮ್ಮ ಸುಕನ್ಯ ನನ್ನೊಬ್ಬಳನ್ನೇ ಕರೆದ್ಳು. ಬಳ್ಳಿ ಕುಯ್ದ ಕಡೆ ಮೂರು ತೂತು ಇರ್ಬೇಕಂತೆ, ದೊಡ್ಡದೊಂದು, ಸಣ್ಣವೆರಡು. ನಮ್ ಪಾಪಂಗೆ ಸಣ್ಣದು ಒಂದೇ. ‘ಇಂಥ ಬಹಳಷ್ಟು ಮಕ್ಕಳು ಚೆನ್ನಾಗೇ ಇರ್ತಾವೆ ಅಜ್ಜಿ, ಒಬ್ಬೊಬ್ಬರಿಗೆ ಮಾತ್ರ ಕಿಡ್ನಿ ತೊಂದರೆ ಇರುತ್ತೆ. ವಾರದೊಳಗೆ ಸ್ಕ್ಯಾನ್ ಮಾಡ್ಸಿ, ಮಗಳಿಗೂ ಹೇಳಿ’ ಅಂತ ಚೀಟಿ ಕೊಟ್ಳು.

ಚೀಟಿ… ರಾಗಿ ಡಬ್ಬದಾಗೈತೆ.

ಯಾಕೆ ಯೋಳ್ಲಿಲ್ಲ ಅಂತೀಯಾ? ನೀನು ತುಂಬು ಬಸುರಿ ಇದ್ದಾಗ, ಆ ಗ್ರಹಣದ ಸಾಯಂಕಾಲ ಜ್ಞಾಪಕ ಐತಾ? ‘ಇವತ್ತು ಏನೂ ಕುಯ್ಯಲ್ಲಮ್ಮಾ’ ಅಂದೆ ನೀನು. ನಾನು ಕೂಲಿ ಮುಗಿಸಿ ಬಂದಿದ್ದೆ, ಸೊಂಟ ಬಿದ್ದೋಗಿತ್ತು. ಇನ್ನೂ ಟೈಮೈತೆ ಕುಯ್ಯೇ ಅಂತ ಗದರಿ ಈಳಿಗೆಮಣೆ ಮುಂದೆ ಕೂರಿಸಿದೆ. ನೀನು ಉರುಳಿಕಾಯಿ ಮುಗಿಸಿ ಏಳೋ ಒತ್ಗೆ ಟಿವಿಯಾಗೆ ತೋರಿಸ್ತಾ ಇದ್ರು… ಗ್ರಹಣ ಆಗ್ಲೇ ಹಿಡಿದಿತ್ತು ಕಣೇ! ನಾನು ಕುಯ್ಸಿದ್ದು ಉರುಳಿಕಾಯಿ ಅಲ್ಲ ತಾಯಿ, ನಿನ್ ಪಾಪನ ನರ!

ಕೇಳ್ದೆ, ಸುಕನ್ಯಮ್ಮನ್ನೂ ಕೇಳ್ದೆ. ಅದೆಲ್ಲಾ ಮೊದಲ ಮೂರು ತಿಂಗಳಲ್ಲೇ ಆಗೋದು, ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದ್ಳು. ನನ್ ಮನಸ್ಸು ಒಪ್ಪಬೇಕಲ್ಲ! ಚೀಟಿ ತೋರಿಸಿದ್ರೆ ನೀನು ಯಾಕೆ ಅಂತೀಯ, ಆಮೇಲೆ ಆ ಈಳಿಗೆಮಣೆ ತಾವಕ್ಕೇ ಬಂದು ನಿಲ್ತೀಯ ಅಂತ ಎದರಿದೆ. ನನ್ ಮುಖ ಉಳಿಸ್ಕೊಳ್ಳೋಕೆ ಸ್ಕ್ಯಾನ್‌ಗೆ ಕೊಟ್ಟ ವಾರಾನೇ ಕಳೆದ್ಬಿಟ್ಟೆ. ಇದಕ್ಕಿಂತ ಪಾಪ ಇನ್ನೇನೈತೆ?

ಎಲ್ಲಿಗೆ ಓಗ್ತೀಯ? ಸ್ಕ್ಯಾನ್‌ಗೆ ಕೋಲಾರಕ್ಕಾ? ಈಗ್ಲೇನಾ? ಫೋನ್ ಅಳಿಯಂದ್ರಿಗಾ… ಕೊಡಿಲ್ಲಿ. ನಾನೇ ಯೋಳ್ತೀನಿ. ಅವ್ರು ಉಗಿದ್ರೂ ಉಗೀಲಿ, ನಾನೇ ಯೋಳ್ತೀನಿ.

ಏನು… ಪಾಪನ್ನ ನನ್ ಕೈಗಾ? ಇಷ್ಟೆಲ್ಲಾ ಕೇಳಿದ್ಮೇಲೂ ನನ್ ಕೈಗೆ ಕೊಡ್ತೀಯಾ ಭಾರ್ಗವಿ? ತಡಿ, ತಡಿ, ಕೂತ್ಕೋತೀನಿ…

ಅಯ್ಯೋ! ಬೆಚ್ಚಗಾಯ್ತು ಕಣೇ… ಮಡಿಲೆಲ್ಲಾ ಬೆಚ್ಚಗಾಯ್ತು. ಮೂರು! ಇದು ಮೂರನೇದು…

ಇಲ್ಲ. ಗೋಡೆ ತಾವ ಓಗಲ್ಲ. ನೀನು ಡಬ್ಬದಾಗಿನ ಚೀಟಿ ತಗೋ, ನಾನು ಆಟೋ ಕರೀತೀನಿ.