ವಾಪಸ್ ಹೋಗದ ಹೂವು

ಕೂತ್ಕೊಳ್ಳಿ ಪಾ ಓಮೊಲೆ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ. ಇಷ್ಟು ಏರು ಹತ್ತಿ ಬಂದಿದ್ದೀರಿ, ಮೊದಲು ಶುಂಠಿ ಪಾನಕ ಕುಡೀರಿ, ಜೇಬಿಗೆ ಆಮೇಲೆ ಕೈ ಹಾಕುವಿರಂತೆ. ಹೊಸ ನೋಟು ತಂದಿದ್ದೀರಿ ಅಂತ ಗೊತ್ತು. ಅದನ್ನ ನನ್ನ ಕೈಗಿಟ್ಟು ಮಾತು ಮುಗಿಸೋಣ ಅಂತ ಬಂದಿದ್ದೀರಿ, ಅದೂ ಗೊತ್ತು. ಸ್ವಲ್ಪ ಕೇಳಿ.

ನನ್ನ ಮೊಮ್ಮಗಳನ್ನ ನಿಮ್ಮ ತಮ್ಮನ ಮಗನಿಗೆ ಕೇಳೋಕೆ ಬಂದವರು ನೀವೇ. 'ನಿಮ್ಮ ತೋಟದಲ್ಲಿ ಒಂದು ಗುಲಾಬಿ ನೋಡಿದೀವಿ' ಅಂದ್ರಿ. ನಾವೇನು ಕೇಳಿದ ತಕ್ಷಣ ಕೊಡೋ ಜನವೇ? ಬೇರೆ ಹೆಣ್ಣುಗಳನ್ನ ತೋರಿಸಿ ಆಟ ಆಡಿಸೋ ಪದ್ಧತಿ ಬಿಡ್ತೀವಾ? ಮೊದಲು ಪಕ್ಕದ ಮನೆ ಅಬಿಯೋಸೆಗೆ ಮುಸುಕು ಹಾಕಿ ಕರ್ಕೊಂಡು ಬಂದ್ವಿ. 'ಚೆಲುವೆ, ಆದ್ರೆ ನಮ್ಮ ಹೂವಲ್ಲ' ಅಂತ ಹತ್ತು ಲಿಯೋನ್ ನೋಟು ಕೈಗಿಟ್ಟು ವಾಪಸ್ ಕಳಿಸಿದ್ರಿ. ಆಮೇಲೆ ರೆಮಿ. ಅವಳಿಗೂ ಹತ್ತು. ಮೂರನೇ ಮುಸುಕು ತೆಗೆದ್ರೆ... ನಾನು, ಮುದುಕಿ ಇಯಾಮಿಡೆ.

ಯಾಕೆ ನಗ್ತೀರಿ? ಅವತ್ತೂ ಹೀಗೇ ನಕ್ರಿ. 'ನಮ್ಮದಲ್ಲ' ಅನ್ನೋಕೆ ಎಷ್ಟು ಹೊತ್ತು ತಗೊಂಡ್ರಿ ಅಂತ ಜನ ಇನ್ನೂ ಆಡ್ಕೊಳ್ತಾರೆ. ಪಕ್ಕದವರು ಮೊಣಕೈಲಿ ತಿವಿದ ಮೇಲೆ ಕೊಟ್ರಿ.

ಕೊಟ್ಟದ್ದೇನು? ಇಗೋ, ನೀವೇ ನೋಡಿ. ಹಳೇ ಹತ್ತು ಸಾವಿರದ ನೋಟು. ಸರ್ಕಾರ ಮೂರು ಸೊನ್ನೆ ಕಿತ್ತು ಹಾಕಿ ಹೊಸ ನೋಟು ತಂದು ಎಷ್ಟು ಕಾಲ ಆಯ್ತು, ಇಡೀ ಸಿಯೆರಾ ಲಿಯೋನಲ್ಲಿ ಇದಕ್ಕೆ ಒಂದು ಬ್ರೆಡ್ಡು ಸಿಗಲ್ಲ. ನಡೆಯೋ ದುಡ್ಡು ಕೊಡದೆ ಕಳಿಸಿದ್ರೆ ಕಳಿಸಿದ ಹಾಗಲ್ಲ ಪಾ. ಅಂಥವಳು ಕೇಳೋಕೆ ಬಂದ ಮನೆಗೇ ಸೇರಿದವಳು. ನಾನು ಮಾಡಿದ ಕಟ್ಟಳೆಯಲ್ಲ, ನಮ್ಮಜ್ಜಿ ಹೇಳಿದ್ದು. ಅವಳನ್ನ ಕೇಳೋಣ ಅಂದ್ರೆ ಅವಳಿಲ್ಲ.

ಅದನ್ನ ಯಾಕೆ ಮೂಸ್ತೀರಿ? ನುಸಿಗುಳಿಗೆ ವಾಸನೆಯಾ? ನಿಮ್ಮ ಕೋಟಿಂದು ಇರಬೇಕು... ಹೆಂಡತಿ ಹೋದ ಮೇಲೆ ನಿಮ್ಮನೇಲಿ ನುಸಿಗುಳಿಗೆ ಇಡೋರೇ ಇಲ್ವಾ. ಓಹೋ. ನಾನು ಇಡ್ತೀನಿ, ಪೆಟ್ಟಿಗೇಲಿ. ತೀರಿಹೋದ ನಮ್ಮೆಜಮಾನರ ಹಳೇ ಬಟ್ಟೆಯೆಲ್ಲ... ಬಿಡಿ, ಅದು ಬೇರೆ ಮಾತು.

ಅವತ್ತು ನೀವು ಬ್ಯಾಂಕಿನ ಹೊಸ ನೋಟಿನ ಕಟ್ಟು ಬಿಚ್ಚಿದ್ರಿ, ನಿಜ. ಮೂವರಿಗೂ ಅದರಿಂದಲೇ ಕೊಟ್ರಿ, ಅದೂ... ಸರಿ ಹಾಗಾದ್ರೆ. 'ಇದು ನಾನು ಕೊಟ್ಟ ನೋಟಲ್ಲ' ಅಂತ ಒಂದು ಮಾತು ಹೇಳಿ. ನಿಮ್ಮ ಹೊಸ ನೋಟು ತಗೊಂಡು ಸುಮ್ಮನಾಗ್ತೀನಿ. ಹೇಳಿ.

ಹೇಳಿ ಪಾ.

...ಹೇಳಲ್ವಾ. ಸಭೆಗೆಲ್ಲ ಕೇಳೋ ಹಾಗೆ ಮಾತಾಡೋರು ನೀವು. ಹೊಸದನ್ನ ಜೇಬಲ್ಲೇ ಇಟ್ಕೊಂಡ್ರಿ. ಹಳೇದನ್ನೂ ಇಟ್ಕೊಂಡ್ರಿ. ಆಗ್ಲಿ.

ಅಬಿಯೋಸೆ ತನ್ನ ಹತ್ತು ಲಿಯೋನ್ ತಗೊಂಡು ಮನೆಗೆ ಹೋದಳು, ಈಗ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ರೆಮಿ ಅವತ್ತು ಫೋಟೋ ತೆಗೆಯೋಕೆ ಬಂದವನ ಜೊತೆ ಬೋ ಊರಿಗೆ ಹೋದಳು. ಮೊಮ್ಮಗಳು ಬಸುರಿ, ನಿಮ್ಮ ಹುಡುಗ ಗೊರಕೆ ಹೊಡೀತಾನೆ ಅಂತ ದಿನಾ ಫೋನಲ್ಲಿ ದೂರ್ತಾಳೆ. ಇನ್ನು ಈ ಇಯಾಮಿಡೆ ಯಾವ ಮನೆ ಸೇರಿದಳು ಅಂತ ಯಾರಾದ್ರೂ ಕೇಳಿದ್ರೆ ನೀವೇ ಹೇಳಬೇಕು. ನಾನು ಹೇಳಿದ್ರೆ ಯಾರೂ ನಂಬಲ್ಲ.