ಇಳಿದ ತಂಬೂರಿ

ಒಂದು ವಾರ ತುಟಿ ಬಿಚ್ಚಕೂಡದೆಂದು ಗಂಟಲು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರಿಂದ ಮೇಷ್ಟ್ರಿಗೆ ಈಗ ಕಿವಿಯೊಂದೇ ಗತಿಯಾಗಿತ್ತು. ಪಕ್ಕದ ಬೆಂಚಿನಲ್ಲಿ ಹಿಂದೂಸ್ತಾನಿ ಗಾಯಕರೊಬ್ಬರ ಮಗಳೂ ಅವರ ತಬಲಾದವನೂ ಕೂತಿದ್ದರು. ಗಾಯಕರು ಒಳಗೆ ಗಂಟಲು ತೋರಿಸುತ್ತಿದ್ದರು.

“ತಂಬೂರಿ ಶ್ರುತಿ ಮಾಡೋಳು ನೀನೇ ತಾನೆ?”

“ಮತ್ಯಾರು, ಮಾಮ? ಹದಿನೈದು ವರ್ಷದಿಂದ ನಾನೇ.”

“ಮನೇಲಿ ಶ್ರುತಿ ಮಾಡಿ ತಂದ ತಬಲಾನ ಹೋದ ಮೂರು ಕಛೇರೀಲೂ ವೇದಿಕೆ ಮೇಲೆ ತಂಬೂರಿಗೆ ಹೊಂದಿಸೋಕೆ ಇಳಿಸ್ಬೇಕಾಯ್ತು. ಯಾಕೆ?”

“ಹವಾ ಹಾಗಿತ್ತು.”

“ಮೂರು ಊರಲ್ಲೂ ಒಂದೇ ಹವಾನಾ? ನನ್ನ ಕಿವಿ ಮೇಲೆ ಹೂ ಇಡ್ಬೇಡ.”

ಮೇಷ್ಟ್ರ ಕೈಯಲ್ಲಿದ್ದ ಪೇಪರಿನ ಪುಟ ತಿರುಗಲಿಲ್ಲ.

“ಅರ್ಧ ಸ್ವರ ಇಳಿಸಿದ್ದೆ. ಅಪ್ಪಂಗೆ ಮೇಲಿನ ಷಡ್ಜ ಮುಟ್ಟೋಕಾಗ್ತಿಲ್ಲ.”

“ಅವರಿಗೆ ಗೊತ್ತಾ?”

“ಗೊತ್ತಾದ್ರೆ ಹಾಡೋದೇ ಬಿಟ್ಬಿಡ್ತಾರೆ. ನೀವು ಬಾಯಿ ಬಿಡ್ಬೇಡಿ ಮಾಮ.”

ಬಾಗಿಲು ತೆರೆದು ಗಾಯಕರು ಹೊರಬಂದರು. ಚೀಟಿಯನ್ನು ಮಗಳ ಕೈಗೆ ಕೊಟ್ಟು ಔಷಧಿ ತರಲು ಕಳಿಸಿದರು. ಅವಳು ಮೆಟ್ಟಿಲಿಳಿದು ಮರೆಯಾದ ಮೇಲೆ ತಬಲಾದವನತ್ತ ತಿರುಗಿದರು.

“ತಂಬೂರಿ ವಿಷಯ ಕೇಳಿದ್ಯಾ ಅವಳನ್ನ?”

“ಯಾವ ವಿಷಯ, ಗುರುಗಳೇ?”

“ಐವತ್ತು ವರ್ಷ ಒಂದೇ ಶ್ರುತೀಲಿ ಹಾಡಿದೋನಿಗೆ ಇಳಿದದ್ದು ತಿಳಿಯಲ್ವೇನೋ? ನಂಗೆ ಗೊತ್ತಿದೆ ಅಂತ ಮಾತ್ರ ಅವಳಿಗೆ ಹೇಳ್ಬೇಡ.”

ತಬಲಾದವನು ತಲೆ ತಗ್ಗಿಸಿದ. ಗಾಯಕರು ಅವನ ಹೆಗಲು ಹಿಡಿದುಕೊಂಡು ಮೆಟ್ಟಿಲಿನತ್ತ ನಡೆದರು.

“ಇನ್ಮೇಲೆ ತಬಲಾನ ಮನೇಲೇ ಇಳಿಸ್ಕೊಂಡು ಬಾ. ವೇದಿಕೆ ಮೇಲೆ ನೀನು ಶ್ರುತಿ ಇಳಿಸೋಕೆ ಸುತ್ತಿಗೆ ಎತ್ತಿದ್ರೆ, ತಂಬೂರಿ ಮೀಟೋ ಅವಳ ಬೆರಳು ತಪ್ಪುತ್ತೆ.”