ಕೊನೆಯ ಸೈಕಲ್ಲಿನವರು

ಮೂಳೆ ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಅತ್ತಿಗೆ, ನಾದಿನಿ ಎಂದು ಮಾತಿನಿಂದಲೇ ತಿಳಿಯಿತು. ಅತ್ತಿಗೆಯ ಮಂಡಿಗೆ ಪಟ್ಟಿ ಬಿಗಿದಿತ್ತು. ಗಂಡ ಔಷಧಿ ತರಲು ಹೋಗಿದ್ದರು.

“ಅತ್ತಿಗೆ, ಅಣ್ಣ ಭಾನುವಾರ ಸೈಕಲ್ ತುಳೀತಾನಂತೆ?”

“ಹೂಂ. ಇಪ್ಪತ್ತು ಜನ ಸೇರ್ಕೊಂಡು ಪಾರ್ಕು ಪಾರ್ಕು ಸುತ್ತೋದು. ಪುಕ್ಕಟೆ ಅಂದ್ಮೇಲೆ ನಿಮ್ಮಣ್ಣ ಬಿಡ್ತಾರಾ?”

“ಸುತ್ತಿ ಏನ್ ಮಾಡ್ತಾರೆ?”

“ಗಡಿಯಾರದ ಗೋಪುರ ನೋಡ್ತಾರೆ. ಮೂವತ್ತು ವರ್ಷ ಅದರ ಮುಂದೇನೇ ಆಫೀಸಿಗೆ ಹೋದ ಮಹಾನುಭಾವರು, ಈಗ ಬಾಯಿ ಬಿಟ್ಕೊಂಡು ನೋಡ್ತಾರೆ.”

ನಾದಿನಿ ನಕ್ಕರು. “ಹಳದಿ ಜಾಕೆಟ್ ಬೇರೆ ಕೊಟ್ಟಿದಾರಂತೆ. ಫೋನಲ್ಲಿ ಕೊಚ್ಕೊಂಡ.”

“ಅದು ಕೊನೇ ಸೈಕಲ್ಲಿನವರಿಗೆ. ಯಾರು ಎಷ್ಟೇ ನಿಧಾನ ಆದ್ರೂ ಅವರನ್ನ ಬಿಟ್ಟು ಮುಂದೆ ಹೋಗೋ ಹಾಗಿಲ್ಲ. ಮೊನ್ನೆ ಯಾರೋ ಹೆಂಗಸಿಗೆ ಏರು ಹತ್ತೋಕಾಗ್ಲಿಲ್ವಂತೆ. ಇವರೂ ಇಳಿದು, ಜೊತೆಗೇ ಸೈಕಲ್ ತಳ್ಕೊಂಡು ಬಂದ್ರಂತೆ.”

“ನಮ್ಮಣ್ಣಾನಾ?”

“ನಿಮ್ಮಣ್ಣಾನೇ. ಮದುವೆ ಆದಾಗಿಂದ ನಾನು ದಾರಿಯಲ್ಲಿ ಅವರ ಬೆನ್ನು ಬಿಟ್ಟು ಬೇರೇನೂ ನೋಡಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ.”

ಅಷ್ಟರಲ್ಲಿ ಗಂಡ ಔಷಧಿಯ ಚೀಲ ಹಿಡಿದು ಬಂದರು. “ಏಳಿ ಏಳಿ, ಲಿಫ್ಟ್ ಬಂತು,” ಎನ್ನುತ್ತಾ ನಿಲ್ಲದೆ ನಮ್ಮನ್ನು ದಾಟಿ ಲಿಫ್ಟಿನೊಳಗೆ ಹೋದರು. ಅತ್ತಿಗೆ ಗೋಡೆ ಹಿಡಿದು ಎದ್ದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು.

“ಜಾಕೆಟ್ ಇವತ್ತು ಒಗೆಯೋಕೆ ಹಾಕಿದೀನಲ್ಲ, ಅದಕ್ಕೇ,” ಎಂದು ಅವರು ನಾದಿನಿಯ ಭುಜ ಹಿಡಿದು ಮೆಟ್ಟಿಲ ಕಡೆಗೆ ತಿರುಗಿದರು.